ಬಾಣಲೆಯ ಅತ್ತಿಗೆ

ಬೆಳಗ್ಗೆ ಎದ್ದು ಬಾಯಿಗೆ ಒಂದು ಗುಟುಕು ನೀರು ಬೀಳುವ ಮೊದಲೇ ಅತ್ತಿಗೆ ಮಾಡಿ ಮುಗಿಸುವ ಕೆಲಸವೊಂದಿದೆ. ಹಿತ್ತಲ ಬಾಗಿಲಿನ ಅಗಳಿ ಸರಿಸಿ, ಶಾಲನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು, ಇಳಿಜಾರಿನ ಕೊನೆಯವರೆಗೆ ನಡೆದುಹೋಗುತ್ತಾಳೆ. ಅಲ್ಲಿ ದ್ರಾಕ್ಷಿ ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಚಿಟಿಕೆ ಮಣ್ಣು ಕೆದಕಿ, ಅಂಗೈಯಲ್ಲಿ ಗೋಲಿಯ ಹಾಗೆ ಉರುಟಿ, ಹೆಬ್ಬೆರಳಿನಿಂದ ಒತ್ತುತ್ತಾಳೆ. ಗೋಲಿ ಪುಡಿಯಾದರೆ ಒಂದು ಲೆಕ್ಕ, ಬಿರುಕು ಬಿಟ್ಟರೆ ಒಂದು ಲೆಕ್ಕ, ಬೆಣ್ಣೆಯ ಹಾಗೆ ಚಪ್ಪಟೆಯಾಗಿ ಬೆರಳಿಗೆ ಮೆತ್ತಿಕೊಂಡರೆ ಇನ್ನೊಂದು ಲೆಕ್ಕ. ಮಣ್ಣನ್ನು ಎಲ್ಲಿಂದ ತೆಗೆದಳೋ ಅಲ್ಲಿಗೇ ಹಾಕಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಾಳೆ. ಅದನ್ನು ಪ್ರಾರ್ಥನೆ ಅಂದರೆ ಅವಳಿಗೆ ನಾಚಿಕೆ. "ದೇವರಿಗೆ ಬೆಳಗಿನ ಹೊತ್ತು ನೂರೆಂಟು ಕೆಲಸ ಇರುತ್ತೆ. ನಮ್ಮದೂ ಒಂದಿದೆ ಅಂತ ಜ್ಞಾಪಿಸಿ ಬರ್ತೀನಿ ಅಷ್ಟೇ" ಅನ್ನುತ್ತಾಳೆ. ಮೈ ಕೆಂಡವಾಗಿ ಜ್ವರ ಬಂದಾಗಲೂ ಹೋಗಿದ್ದಾಳೆ. ಮಗಳ ಮದುವೆಯ ಬೆಳಗ್ಗೆಯೂ ಹೋಗಿದ್ದಾಳೆ. ಗಂಡ ತೀರಿಹೋದ ಮಾರನೆಯ ದಿನ, ಮನೆ ತುಂಬ ಮಲಗಿದ್ದ ನೆಂಟರನ್ನು ದಾಟಿಕೊಂಡು ಹೋಗಿದ್ದಾಳೆ.

ನಿಜಕ್ಕೂ ಅವಳು ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ, ಮೈದುನನಿಗೆ. ಅವಳು ಮದುವೆಯಾಗಿ ಬಂದಾಗ ಅವನಿನ್ನೂ ಮೀಸೆ ಚಿಗುರದ ಹುಡುಗ. ಹಸಿವಾದರೆ ಅತ್ತಿಗೆ, ಅಂಗಿ ಹರಿದರೆ ಅತ್ತಿಗೆ, ಅಪ್ಪನ ಹತ್ತಿರ ಬೈಸಿಕೊಂಡರೆ ಅತ್ತಿಗೆ. ಅವನು ಮನೆ ಹಾರಿಹೋಗುವ ಹಾಗೆ ಕೂಗಿ ಕೂಗಿ, ಕೊಯ್ಲಿಗೆ ಬರುವ ಹೆಂಗಸರಿಗೂ ಅವಳು ಅತ್ತಿಗೆಯಾದಳು, ಪೀಪಾಯಿ ಮಾಡುವ ಮೇಸ್ತ್ರಿಗೂ ಅತ್ತಿಗೆಯಾದಳು. ಕೊನೆಗೆ ಮಾವನೇ ಒಂದು ದಿನ ಬಾಯಿತಪ್ಪಿ, "ಅತ್ತಿಗೆ, ಕುಡಿಯೋಕೆ ನೀರು ಕೊಡಮ್ಮ" ಅಂದುಬಿಟ್ಟರು. ಊಟಕ್ಕೆ ಕೂತವರೆಲ್ಲ ಅನ್ನ ನೆತ್ತಿಗೇರುವ ಹಾಗೆ ನಕ್ಕರು. ಮಾವ ಮಾತ್ರ ಗಂಭೀರವಾಗಿ ನೀರು ಕುಡಿದು, "ಹೌದಪ್ಪ, ಈ ಮನೆಗೇ ಅತ್ತಿಗೆ. ಅದರಲ್ಲಿ ನಗೋದೇನಿದೆ?" ಅಂದರು. ಆವತ್ತಿನ ನಗು ನೆನಪಾದರೆ ಅತ್ತಿಗೆಗೆ ಈಗಲೂ ಆ ಅಡುಗೆಮನೆಯ ಉದ್ದನೆಯ ಮೇಜು, ಅದರ ಮೇಲೆ ಬಿದ್ದಿದ್ದ ಕಿಟಕಿಯ ಬಿಸಿಲು, ಎಲ್ಲ ಕಣ್ಣಿಗೆ ಕಟ್ಟುತ್ತದೆ.

ಆ ಮನೆಯದು ವೈನ್ ಮಾಡುವ ಕಸುಬು. ಇಳಿಜಾರಿನ ನೆತ್ತಿಯ ಮೇಲೆ ಕಲ್ಲಿನ ಮನೆ, ಮನೆಯ ಅಡಿಯಲ್ಲಿ ನೆಲಮಾಳಿಗೆ, ನೆಲಮಾಳಿಗೆಯಲ್ಲಿ ಪೀಪಾಯಿಗಳು. ಮನೆಯಿಂದ ಕೆಳಕ್ಕೆ ಭೂಮಿ ಮೂರು ತುಂಡಾಗಿ ಇಳಿಯುತ್ತದೆ. ಮೇಲಿನದು ತಲೆತುಂಡು. ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಹಗಲೆಲ್ಲ ಬಿಸಿಲು ಕುಡಿದ ಬಿಳಿ ಸುಣ್ಣಕಲ್ಲು ರಾತ್ರಿ ಆ ಬಿಸಿಯನ್ನು ಬಳ್ಳಿಗೆ ವಾಪಸು ಕೊಡುತ್ತದೆ. ಅಲ್ಲಿಯ ಹಣ್ಣು ಚಿಕ್ಕದು, ಸಿಪ್ಪೆ ದಪ್ಪ, ರಸ ಗಟ್ಟಿ. ಅದರ ಕೆಳಗೆ ನಡುತುಂಡು, ಅರ್ಧ ಕಲ್ಲು ಅರ್ಧ ಮಣ್ಣು, ಹೇಳಿದ ಮಾತು ಕೇಳಿಕೊಂಡಿರುವ ನೆಲ. ಎಲ್ಲಕ್ಕಿಂತ ಕೆಳಗಿನದು ಬಾಣಲೆ. ಸುತ್ತ ಎತ್ತರ, ನಡುವೆ ತಗ್ಗು, ಅದಕ್ಕೇ ಆ ಹೆಸರು. ಅಲ್ಲಿಯದು ಕಪ್ಪು ಜೇಡಿಮಣ್ಣು. ಮಳೆ ಬಂದರೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಬಿಸಿಲು ಬಂದರೆ ಕಾಲು ಹೋಗುವಷ್ಟು ಬಿರಿಯುತ್ತದೆ. ಚಳಿಗಾಲದ ಕೊನೆಯಲ್ಲಿ ತಣ್ಣನೆಯ ಗಾಳಿ ನೀರಿನ ಹಾಗೆ ಮೇಲಿನಿಂದ ಹರಿದು ಬಂದು ಅಲ್ಲಿ ನಿಲ್ಲುತ್ತದೆ. ಮೇಲಿನ ತುಂಡಿನಲ್ಲಿ ಚಿಗುರು ನಗುತ್ತಿರುವಾಗ ಬಾಣಲೆಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಚಿಗುರನ್ನೆಲ್ಲ ಸುಟ್ಟು ಕರಿ ಮಾಡಿರುತ್ತದೆ.

ಮಾವ ಆ ಬಾಣಲೆಯನ್ನು ನೋಡಿಕೊಳ್ಳಲು ಹಿರಿಯ ಮಗನ ಕೈಗೆ ಕೊಟ್ಟಿದ್ದರು. ಹಿರಿಯ ಮಗನಿಗೆ ಮನೆಯಲ್ಲಿ ನಿಧಾನಿ ಅಂತಲೇ ಹೆಸರು. ಅವನು ನಡೆಯುವುದು ನಿಧಾನ, ಉಣ್ಣುವುದು ನಿಧಾನ. ತಮಾಷೆ ಕೇಳಿದರೆ ಎಲ್ಲರೂ ನಕ್ಕು ಸುಮ್ಮನಾದ ಮೇಲೆ ಅವನೊಬ್ಬನೇ ನಗುತ್ತಿದ್ದ. "ಬಾಣಲೆಗೆ ಅವಸರದವರು ಆಗಲ್ಲ, ಅದಕ್ಕೆ ನಿನ್ನ ಗಂಡನೇ ಸರಿ" ಎಂದು ಮಾವ ಹೊಸ ಸೊಸೆಗೆ ಹೇಳಿದ್ದರು. ಹೊಗಳಿದ್ದೋ ತೆಗಳಿದ್ದೋ ಅವಳಿಗೆ ಗೊತ್ತಾಗಿರಲಿಲ್ಲ.

ಅವಳ ತವರಿನವರು ಹೊಳೆಯ ಬದಿಯಲ್ಲಿ ತರಕಾರಿ ಬೆಳೆಯುವವರು. ಅಪ್ಪನ ಕುಂಬಳಕಾಯಿ ಎತ್ತಲು ಇಬ್ಬರು ಬೇಕು. ಬೆಳೆ ಅಂದರೆ ಗೊಬ್ಬರ ಉಣಿಸಬೇಕು, ನೀರು ಕುಡಿಸಬೇಕು, ದಿನಾ ಹೋಗಿ ಮೈದಡವಬೇಕು ಎಂದು ತಿಳಿದುಕೊಂಡೇ ಬೆಳೆದವಳು ಅವಳು. ಬಂದ ಮೊದಲ ವರ್ಷ ಬಾಣಲೆಯ ಬಳ್ಳಿಗಳನ್ನು ನೋಡಿ ಅವಳ ಕರುಳು ಚುರ್ ಅಂದಿತು. ಇಷ್ಟು ದೊಡ್ಡ ಮನೆಯವರು ಬಳ್ಳಿಯನ್ನು ಹೀಗೆ ಉಪವಾಸ ಕೆಡವಿದ್ದಾರಲ್ಲ! ಗಂಡ ಪೀಪಾಯಿ ತೊಳೆಯುವ ಕೆಲಸದಲ್ಲಿ ಮುಳುಗಿದ್ದಾಗ ಅವಳು ಕೊಟ್ಟಿಗೆಯ ಗೊಬ್ಬರವನ್ನು ಬುಟ್ಟಿ ಬುಟ್ಟಿಯಾಗಿ ಹೊತ್ತು ಒಂದೊಂದು ಬುಡಕ್ಕೂ ಸುರಿದಳು. ಸಂಜೆ ಸಂಜೆ ಕೊಡದಲ್ಲಿ ನೀರು ಹಾಕಿದಳು. ಮಾವನಿಗೆ ತಿಳಿಯದ ಹಾಗೆ ಮಾಡಿ, ಆಮೇಲೆ ತೋರಿಸಿ ಒಳ್ಳೆಯ ಸೊಸೆ ಅನ್ನಿಸಿಕೊಳ್ಳಬೇಕು ಎಂಬ ಆಸೆ.

ಬಾಣಲೆ ಉಂಡಿತು. ಉಂಡದ್ದನ್ನು ಎಲೆಗೆ ಹಾಕಿತು. ಸಾಲಿನ ನಡುವೆ ಮನುಷ್ಯ ನಡೆಯಲು ದಾರಿ ಇಲ್ಲದ ಹಾಗೆ ಬಳ್ಳಿ ಕೈಕಾಲು ಚಾಚಿತು. ಹಣ್ಣು ಒಂದೊಂದೂ ಗೋಲಿಯ ಗಾತ್ರ. ಅವಳು ಹಿಗ್ಗಿ ಹೀರೇಕಾಯಿಯಾಗಿ ಮೊದಲ ಗೊಂಚಲನ್ನು ತಟ್ಟೆಯಲ್ಲಿಟ್ಟು ಮಾವನ ಮುಂದೆ ಹಿಡಿದಳು. ಮಾವ ಒಂದು ಹಣ್ಣನ್ನು ಬಾಯಿಗೆ ಹಾಕಿಕೊಂಡರು.

"ಏನು ಹಾಕಿದೆ ಮಗಳೇ ಇದಕ್ಕೆ?"

"ಗೊಬ್ಬರ ಮಾವ. ಪಾಪ, ಯಾರೂ ನೋಡ್ತಿರಲಿಲ್ಲ."

ಮೈದುನ ಒಂದು ಹಣ್ಣು ಕಚ್ಚಿದವನೇ, "ಅಪ್ಪಾ, ಇದನ್ನ ವೈನ್ ಮಾಡೋದು ಬೇಡ, ಹಾಗೇ ಲೋಟಕ್ಕೆ ಹಿಂಡಿ, ದಾಹಕ್ಕೆ ಕುಡಿಯೋಣ!" ಎಂದ. ಅದರಿಂದಾಚೆಗೆ ಒಂದಷ್ಟು ವರ್ಷ ಅವನ ಬಾಯಲ್ಲಿ ಅವಳು ಕುಂಬಳಕಾಯಿ ಅತ್ತಿಗೆ. ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಗಂಡ ಬಂದು ಬಾಗಿಲ ಹೊರಗೆ ನಿಂತು, ತನ್ನ ಎಂದಿನ ನಿಧಾನದಲ್ಲಿ, "ನೀನು ಮಾಡಿದ್ದು ತಪ್ಪಲ್ಲ ಕಣೇ. ಜಾಗ ತಪ್ಪು ಅಷ್ಟೇ" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪನ ಮನೇಲಿ ಇದ್ದಿದ್ರೆ ಬಹುಮಾನ ಬರ್ತಿತ್ತು" ಎಂದು ಸೇರಿಸಿದ. ಅಳುತ್ತಿದ್ದವಳಿಗೆ ನಗು ಬಂತು.

ಮಾರನೆಯ ದಿನ ಮಾವ ಅವಳನ್ನು ತಲೆತುಂಡಿಗೆ ಕರೆದುಕೊಂಡು ಹೋದರು. ಒಂದು ಹಳೆಯ ಬಳ್ಳಿಯ ಬುಡ ಅಗೆದು ಬೇರು ತೋರಿಸಿದರು. ಬೇರು ಕಲ್ಲಿನ ಸಂದಿಯಲ್ಲಿ ತೂರಿ, ಬಾಗಿ, ಎಲ್ಲೋ ಆಳದಲ್ಲಿ ನೀರು ಹುಡುಕಿಕೊಂಡು ಹೋಗಿತ್ತು. "ಹೊಟ್ಟೆ ತುಂಬಿದ ಬಳ್ಳಿಗೆ ಹಣ್ಣಿನ ಯೋಚನೆ ಬರಲ್ಲ ಮಗಳೇ. ಬರೀ ಎಲೆ ಬಿಟ್ಟು ಮೆರೀತಾ ಇರುತ್ತೆ. ಸ್ವಲ್ಪ ಹಸೀಬೇಕು, ಸ್ವಲ್ಪ ಬಾಯಾರಬೇಕು. ಆಗ ಇರೋದನ್ನೆಲ್ಲ ಹಣ್ಣಿಗೆ ಇಡುತ್ತೆ." ಆಮೇಲೆ ಕೆಳಗಿನ ಬಾಣಲೆಯ ಕಡೆ ಕೈ ತೋರಿಸಿ, "ಆ ನೆಲಕ್ಕೆ ಹಸಿವೇ ಗೊತ್ತಿಲ್ಲ. ನೀನು ಬೇರೆ ಬಡಿಸಿದೆ" ಎಂದು ಮೀಸೆಯಡಿ ನಕ್ಕರು. ಬೈಯಲಿಲ್ಲ. ಬೈದಿದ್ದರೆ ಅವಳು ಮರೆಯುತ್ತಿದ್ದಳೋ ಏನೋ.

ಆ ಮನೆಯಲ್ಲಿ ಮಾವ ಹಾಕಿಟ್ಟ ಒಂದು ಕಟ್ಟಳೆಯಿತ್ತು. ಮೂರು ತುಂಡಿನ ಹಣ್ಣನ್ನು ಬೇರೆ ಬೇರೆ ಹಿಂಡಿ ಬೇರೆ ಬೇರೆ ಪೀಪಾಯಿಗೆ ತುಂಬಬೇಕು. ವಸಂತ ಬಂದು ಬಳ್ಳಿ ಚಿಗುರುವ ಹೊತ್ತಿಗೆ ಮೂವರು ಕೂತು ರುಚಿ ನೋಡಬೇಕು. ಪೀಪಾಯಿ ಮೇಸ್ತ್ರಿ ಯಾರಿಗೂ ಕಾಣದ ಹಾಗೆ ಲೋಟಗಳ ತಳಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ವೈನ್ ತುಂಬಿ ತರುತ್ತಾನೆ: ತಲೆತುಂಡಿಗೆ ಒಂದು ಗೀಟು, ನಡುತುಂಡಿಗೆ ಎರಡು ಗೀಟು, ಬಾಣಲೆಗೆ ದುಂಡನೆಯ ಸೊನ್ನೆ. ಒಬ್ಬೊಬ್ಬರ ಮುಂದೆ ಮೂರು ಲೋಟ. ಒಬ್ಬರ ಲೋಟದ ತಳ ಇನ್ನೊಬ್ಬರಿಗೆ ಕಾಣಬಾರದೆಂದು ಮೂವರೂ ಗೋಡೆಗೆ ಮುಖ ಮಾಡಿ ಒಂದೇ ಬೆಂಚಿನಲ್ಲಿ ಕೂರಬೇಕು. ಒಪ್ಪಿಗೆಯಾದ ಲೋಟ ಹಾಗೇ ನಿಲ್ಲುತ್ತದೆ. ಒಪ್ಪಿಗೆಯಾಗದ್ದನ್ನು ಖಾಲಿ ಮಾಡಿ ಬೋರಲು ಹಾಕಬೇಕು. ಒಬ್ಬರು ಬೋರಲು ಹಾಕಿದರೂ ಸಾಕು, ಆ ಪೀಪಾಯಿ ಮನೆಯ ಬಾಟಲಿಗೆ ಹೋಗುವುದಿಲ್ಲ. ವಿನೆಗರ್ ಮಾಡುವ ಸಾಹುಕಾರನ ಗಾಡಿ ಹತ್ತುತ್ತದೆ.

ಬಾಣಲೆಯ ಪೀಪಾಯಿ ವರ್ಷ ವರ್ಷವೂ ಆ ಗಾಡಿ ಹತ್ತುತ್ತಿತ್ತು. ರುಚಿ ನೋಡುವ ಮೂವರಲ್ಲಿ ನಿಧಾನಿಯೂ ಒಬ್ಬ. ಎಷ್ಟೋ ವರ್ಷ ಅವನ ಕೈಯೇ ಎಲ್ಲರಿಗಿಂತ ಮೊದಲು ಆ ಲೋಟವನ್ನು ಬೋರಲು ಹಾಕಿದ್ದುಂಟು. ಗಾಡಿ ಹೊರಟಾಗ ಅವನು ಹಿಂದಿನಿಂದ ಪೀಪಾಯಿಯನ್ನೊಮ್ಮೆ ತಟ್ಟುತ್ತಿದ್ದ, ಬಸ್ಸು ಹತ್ತಿದ ಹುಡುಗನ ಬೆನ್ನು ತಟ್ಟುವ ಹಾಗೆ. ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಮಾತಿನಲ್ಲಿ ಮೆಣಸಿನಕಾಯಿ. "ಭಾವ, ನಮ್ಮ ಊರಿನ ಉಪ್ಪಿನಕಾಯಿಗೆಲ್ಲ ನಿಮ್ಮ ಬಾಣಲೆಯೇ ಆಧಾರ" ಅನ್ನುತ್ತಿದ್ದಳು. ಅವನು ಗಾಡಿ ತಿರುವು ದಾಟಿ ಹೋದ ಮೇಲೆ ನಗುತ್ತಿದ್ದ.

ಅವನು ಸಿಟ್ಟು ಮಾಡಿಕೊಳ್ಳಲಿಲ್ಲ, ಬಾಣಲೆಯ ಕೈಯನ್ನೂ ಬಿಡಲಿಲ್ಲ. ಆ ವರ್ಷಗಳನ್ನು ನೆನೆದರೆ ಅತ್ತಿಗೆಗೆ ಇವತ್ತಿಗೂ ಹೊಟ್ಟೆ ತಣ್ಣಗಾಗುತ್ತದೆ. ಗಂಡಹೆಂಡತಿ ಇಬ್ಬರೂ ಸೇರಿ ಒಂದೊಂದು ವರ್ಷ ಒಂದೊಂದನ್ನು ಕಲಿತರು. ಸಾಲುಗಳ ನಡುವಿನ ಹುಲ್ಲನ್ನು ಕೀಳದೆ ಬಿಟ್ಟರು. ಹೆಚ್ಚಾದ ನೀರನ್ನು ಹುಲ್ಲು ಕುಡಿಯಿತು, ಬಳ್ಳಿಯ ಸೊಕ್ಕು ಇಳಿಯಿತು. ಬೇರೆ ತುಂಡುಗಳ ಕೊಂಬೆ ಸವರಿ ಮುಗಿದ ಎಷ್ಟೋ ದಿನಗಳ ಮೇಲೆ ಬಾಣಲೆಯದನ್ನು ಸವರಿದರು. ತಡವಾಗಿ ಸವರಿದ ಬಳ್ಳಿ ತಡವಾಗಿ ಕಣ್ಣು ಬಿಟ್ಟಿತು, ಚಿಗುರು ಹಿಮದ ಬಾಯಿಂದ ತಪ್ಪಿಸಿಕೊಂಡಿತು. ಬೆಳಗಿನ ಬಿಸಿಲು ಬೀಳುವ ಮಗ್ಗುಲಿನ ಎಲೆಗಳನ್ನು ಕಿತ್ತು ಗೊಂಚಲಿಗೆ ಗಾಳಿ ಆಡುವ ಹಾಗೆ ಮಾಡಿದರು. ಮಂಜು ಬೇಗ ಆರಿತು, ಬೂಷ್ಟು ಕಡಿಮೆಯಾಯಿತು. ತಗ್ಗಿನ ತುದಿಯಲ್ಲಿ ಬೆಳೆದು ನಿಂತ ಬೇಲಿಯನ್ನು ನಿಧಾನಿ ಒಂದು ದಿನ ಬಹಳ ಹೊತ್ತು ನೋಡಿದ. "ಲೇ, ಗಾಳಿಗೂ ಬಾಗಿಲು ಬೇಕಲ್ವೇನೇ? ಒಳಗೆ ಬಂದದ್ದು ಹೊರಗೆ ಹೋಗೋದೆಲ್ಲಿ?" ಎಂದು ಬೇಲಿಯ ನಡುವೆ ಗಾಡಿ ಹಾಯುವಷ್ಟು ಅಗಲ ಕಡಿದುಹಾಕಿದ. ಆಮೇಲೆ ಚಳಿಗಾಳಿ ಅಲ್ಲಿ ನಿಲ್ಲದೆ ಹರಿದು ಹೊಲದಾಚೆ ಇಳಿದುಹೋಗತೊಡಗಿತು. ಆಚೆ ಹೊಲದವನು ಎಲೆಕೋಸು ಬೆಳೆಯುತ್ತಿದ್ದ. "ನಿಮ್ಮ ಚಳಿಯನ್ನೆಲ್ಲ ನಮಗೆ ಕಳಿಸ್ತೀರಲ್ಲ" ಎಂದು ಜಗಳಕ್ಕೆ ಬಂದ. ಅತ್ತಿಗೆ ತರಕಾರಿಯವರ ಮಗಳಲ್ಲವೆ, "ಎಲೆಕೋಸಿಗೆ ಚಳಿ ಬಿದ್ರೆ ಸಿಹಿ ಕಣಪ್ಪ, ಮುಂದಿನ ವಾರ ಬಂದು ಹೇಳು" ಎಂದು ಕಳಿಸಿದಳು. ಮುಂದಿನ ವಾರ ಅವನು ಎರಡು ಕೋಸು ತಂದಿಟ್ಟು ಹೋದ.

ಇಷ್ಟೆಲ್ಲ ಮಾಡಿದರೂ ಬಾಣಲೆಯ ಲೋಟ ನೆಟ್ಟಗೆ ನಿಲ್ಲಲಿಲ್ಲ. ಒಂದು ಸಂಜೆ, ಮಾವ ತೀರಿಹೋಗಿ ಸ್ವಲ್ಪ ಕಾಲವಾಗಿತ್ತು, ನಿಧಾನಿ ಬಾಣಲೆಯ ಅಂಚಿನಲ್ಲಿ ಕೂತು ಹೇಳಿದ: "ನಾವು ಇಷ್ಟು ವರ್ಷ ಈ ನೆಲಾನ ತಲೆತುಂಡು ಮಾಡೋಕೆ ಹೋದ್ವಿ. ಅದು ಆಗಲ್ಲ. ಜೇಡಿಮಣ್ಣಿಗೆ ಏನು ಬೇಕು ಅಂತ ನಾವು ಕೇಳಲೇ ಇಲ್ಲ." ಮುಂದಿನ ವಸಂತದಲ್ಲಿ ಅವನು ಹಳೆಯ ಬಳ್ಳಿಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ತಣ್ಣನೆಯ ಜೇಡಿಯಲ್ಲಿ ಚೆನ್ನಾಗಿ ಬರುತ್ತದೆ ಎಂದು ದೂರದಿಂದ ತರಿಸಿದ ಬೇರೊಂದು ಜಾತಿಯ ಕಡ್ಡಿಗಳನ್ನು ಕಸಿ ಕಟ್ಟಿದ. ಅವನು ಸೀಳುತ್ತಿದ್ದ, ಅವಳು ಒದ್ದೆ ದಾರದಲ್ಲಿ ಸುತ್ತುತ್ತಿದ್ದಳು. ಬೆನ್ನು ಮುರಿಯುವ ಕೆಲಸ. ಆದರೂ ಅಷ್ಟು ಮಾತು ಅವರು ಮದುವೆಯಾದ ಹೊಸದರಲ್ಲೂ ಆಡಿರಲಿಲ್ಲ. ಕಸಿ ಹಿಡಿದು ಮೊದಲ ಎಲೆ ಬಿಚ್ಚಿದ್ದನ್ನು ಅವನು ನೋಡಿದ. ಹಣ್ಣು ನೋಡಲು ಇರಲಿಲ್ಲ. ಎದೆನೋವು ಬಂದದ್ದು ಒಂದೇ ಸಲ. ಜೀವನದಲ್ಲಿ ಅವನು ಅವಸರ ಮಾಡಿದ್ದು ಅದೊಂದರಲ್ಲೇ. ಅವನನ್ನು ಕರೆಸಿಕೊಂಡವನಿಗೆ ಏನು ಅವಸರವಿತ್ತೋ ಅತ್ತಿಗೆ ಕೇಳಲಿಲ್ಲ. ಕೇಳಬೇಕಾದ ಜಾಗದಲ್ಲಿ ದಿನಾ ಬೆಳಗ್ಗೆ ಸುಮ್ಮನೆ ನಿಂತು ಬಂದಳು.

ಬೆಂಚಿನಲ್ಲಿ ಅವನ ಜಾಗಕ್ಕೆ ಮೈದುನ ಅತ್ತಿಗೆಯನ್ನು ಕೂರಿಸಿದ. ಮಾವನ ಜಾಗದಲ್ಲಿ ಆಗಲೇ ಓರಗಿತ್ತಿ ಕೂರುತ್ತಿದ್ದಳು. ಕಸಿಯಾದ ಬಳ್ಳಿ ಎಳೆಯದು. ಒಂದೆರಡು ವರ್ಷ ಹಣ್ಣೇ ಇಳಿಸಲಿಲ್ಲ, ಆಮೇಲಿನದ್ದು ತೆಳ್ಳಗಾಯಿತು, ಗಾಡಿ ಹತ್ತಿತು. ಈ ನಡುವೆ ಹವೆಯೇ ಬದಲಾಗತೊಡಗಿತ್ತು. ಬೇಸಿಗೆ ಉದ್ದವಾಯಿತು, ಮಳೆ ಮುನಿಸಿಕೊಂಡಿತು. ಹಿಂದೆ ವರವಾಗಿದ್ದ ತಲೆತುಂಡಿನ ಕಲ್ಲು ಈಗ ಹೆಂಚಾಯಿತು. ಅಲ್ಲಿಯ ಹಣ್ಣು ಬಳ್ಳಿಯಲ್ಲೇ ಒಣಗಿ, ವೈನು ಹಣ್ಣಿನ ಜಾಮ್‌ನಂತೆ ಮಂದವಾಗಿ, ನಾಲಗೆ ಸುಡುವಂತಾಯಿತು. ಆ ಬೇಗೆಯಲ್ಲೂ ಬಾಣಲೆಯ ಜೇಡಿ ಒಳಗೊಳಗೆ ತಣ್ಣಗಿರುತ್ತಿತ್ತು.

ಮೈದುನನಿಗೆ ತಲೆತುಂಡಿನದೇ ಚಿಂತೆ. ಒಂದು ದಿನ ತಲೆ ಕೆರೆದುಕೊಳ್ಳುತ್ತ ಬಂದ. "ಅತ್ತಿಗೆ, ಸಿಟ್ಟು ಮಾಡ್ಕೋಬಾರದು. ಮೇಲಿನ ಬಳ್ಳಿಗೆ ನೀರು ಬೇಕು. ಮಳೆನೀರು ನಿಲ್ಲಿಸೋಕೆ ಹೊಂಡ ತೋಡಬೇಕು. ತೋಡಿದ್ರೆ ಬಾಣಲೆಯಲ್ಲೇ ತೋಡಬೇಕು, ನೀರು ತಾನಾಗಿ ಬಂದು ನಿಲ್ಲೋ ಜಾಗ ಅದೊಂದೇ. ಅಲ್ಲಿಂದ ಪಂಪಲ್ಲಿ ಮೇಲೆತ್ತಬಹುದು."

ಅತ್ತಿಗೆ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ನಿಮ್ಮಣ್ಣನ ಬಳ್ಳಿ ಈಗ ತಾನೇ ಕಾಲೂರ್ತಿದೆ ಕಣೋ."

"ಗೊತ್ತು. ಅದಕ್ಕೇ ಕೇಳೋಕೆ ಬಂದೆ. ಈ ಕೊಯ್ಲು ನೋಡೋಣ. ಬರೋ ವಸಂತದಲ್ಲಿ ಬಾಣಲೆ ಲೋಟ ನೆಟ್ಟಗೆ ನಿಂತ್ರೆ ನಾನು ಹೊಂಡದ ಸುದ್ದಿ ಎತ್ತಲ್ಲ. ನಿಲ್ಲದಿದ್ರೆ..."

"ನಿಲ್ಲದಿದ್ರೆ ತೋಡು" ಎಂದಳು ಅತ್ತಿಗೆ. ಅವಳಿಗೆ ಬೇಕಾದದ್ದು ಅದೊಂದೇ: ಅವನು ಸೀಳಿ ಅವಳು ಸುತ್ತಿದ ಆ ಬಳ್ಳಿ ಉಳಿಯಬೇಕು, ಅದರ ವೈನು ಒಂದು ಸಲವಾದರೂ ಮನೆಯ ಬಾಟಲಿ ಸೇರಬೇಕು.

ಆ ವರ್ಷದ ಹಣ್ಣು ಅವಳು ಕಂಡರಿಯದ ಹಾಗೆ ಬಂತು. ಚಿಕ್ಕ ಗೊಂಚಲು, ಕಡುನೀಲಿ, ಮೇಲೆ ಬೂದಿ ಎರಚಿದ ಹಾಗೆ ಮಬ್ಬು ಹೊಳಪು. ನಿಧಾನಿ ಹಣ್ಣಿನ ಬೀಜ ಅಗಿದು ಕೊಯ್ಲಿನ ದಿನ ಗೊತ್ತು ಮಾಡುತ್ತಿದ್ದ. ಬೀಜ ಕಂದಾಗಿ, ಹುರಿಗಡಲೆಯ ಹಾಗೆ ಕಟಕ್ ಎನ್ನಬೇಕು. ಹಸಿರಿದ್ದು ನಾಲಗೆ ಒಗರಾದರೆ ಇನ್ನೂ ಕಾಯಬೇಕು. ಅವಳೂ ಅಗಿದು ನೋಡಿದಳು. ಇನ್ನು ಸ್ವಲ್ಪ, ಇನ್ನು ಕೆಲವೇ ದಿನ. ಅಷ್ಟರಲ್ಲಿ ಮಂಜು ಇಳಿಯಿತು. ಬೆಳಗ್ಗೆ ಬಾಣಲೆಗೆ ಹೋದರೆ ಬಳ್ಳಿಯೇ ಕಾಣದು, ಹಾಲಿನ ಪಾತ್ರೆಯೊಳಗೆ ಇಳಿದ ಹಾಗೆ. ಮಾರನೆಯ ದಿನವೂ ಮಂಜು, ಅದರ ಮಾರನೆಯ ದಿನವೂ. ಒಂದು ಗೊಂಚಲಿನ ಸಂದಿಯಲ್ಲಿ ಬೂಷ್ಟಿನ ಒಂದು ಚುಕ್ಕೆ ಕಂಡಳು. ಕಾದರೆ ಎಲ್ಲ ಕೊಳೆತು ಹೋದರೆ? ಆಮೇಲೆ ಬೋರಲು ಹಾಕಲು ಲೋಟವೂ ಇರುವುದಿಲ್ಲ. "ಬುಟ್ಟಿ ತನ್ನಿ" ಎಂದು ಕೊಯ್ಲಿನ ಹೆಂಗಸರನ್ನು ಕರೆದಳು. ಅವರಲ್ಲೊಬ್ಬಳು, "ಅತ್ತಿಗೆ, ಮಧ್ಯಾಹ್ನ ಬಿಸಿಲು ಬರೋ ಹಾಗಿದೆಯಲ್ಲ?" ಎಂದಳು. ಅತ್ತಿಗೆ ಆಕಾಶ ನೋಡಲಿಲ್ಲ. ಸಂಜೆಯೊಳಗೆ ಬಾಣಲೆ ಬರಿದಾಯಿತು. ಮಾರನೆಯ ದಿನದಿಂದ ಚಿನ್ನದಂಥ ಬಿಸಿಲು.

ಚಳಿಗಾಲವಿಡೀ ಅವಳು ಆ ಪೀಪಾಯಿಯ ಹತ್ತಿರ ಸುಳಿಯಲಿಲ್ಲ. ಬೆಂಚಿನಲ್ಲಿ ಕೂರುವವರು ಮೊದಲೇ ರುಚಿ ನೋಡಬಾರದು ಎಂಬುದು ಮಾವನ ಕಾಲದಿಂದ ಬಂದ ನಡವಳಿಕೆ. ಮೇಸ್ತ್ರಿ ಎದುರು ಸಿಕ್ಕಾಗ ಅವನ ಮುಖದಲ್ಲಿ ಏನಾದರೂ ಕಾಣುತ್ತದೇನೋ ಎಂದು ನೋಡುತ್ತಿದ್ದಳು. ಅವನದು ಪೀಪಾಯಿಯ ಹಲಗೆಯಂಥ ಮುಖ, ಏನೂ ಕಾಣುತ್ತಿರಲಿಲ್ಲ.

ರುಚಿ ನೋಡುವ ದಿನ ನೆಲಮಾಳಿಗೆಯ ಮೆಟ್ಟಿಲಿಳಿಯುವಾಗ ಓರಗಿತ್ತಿ ಅವಳ ಮೊಣಕೈ ಹಿಡಿದುಕೊಂಡಳು. "ಅಕ್ಕ, ಕೈ ಯಾಕೆ ಐಸಾಗಿದೆ? ಹೆಣ್ಣು ನೋಡೋಕೆ ಬಂದಿದ್ದಾರೆ ಅನ್ನೋ ಹಾಗೆ ಹೆದರ್ತೀರಲ್ಲ!"

"ಹೆಣ್ಣು ನೋಡೋಕೆ ಬಂದಾಗ ನಾನು ಹೆದರಿರಲಿಲ್ಲ ಕಣೇ. ನಿಮ್ಮ ಭಾವ ಬಾಗಿಲು ದಾಟೋಕೇ ಅಷ್ಟು ಹೊತ್ತು ತಗೊಂಡ್ರು, ಅಷ್ಟರಲ್ಲಿ ನನ್ನ ಭಯವೆಲ್ಲ ಆರಿಹೋಗಿತ್ತು."

ನಕ್ಕುಕೊಂಡೇ ಬೆಂಚಿನಲ್ಲಿ ಕೂತರು. ನಡುವೆ ಅತ್ತಿಗೆ, ಆ ಕಡೆ ಈ ಕಡೆ ಮೈದುನ ಮತ್ತು ಓರಗಿತ್ತಿ. ಎದುರಿನ ಗೋಡೆಯಲ್ಲಿ ಸುಣ್ಣ ಉದುರಿದ ಜಾಗ ಒಂದು ಮೋಡದ ಹಾಗಿತ್ತು. ಮೇಸ್ತ್ರಿ ಲೋಟಗಳನ್ನು ಇಟ್ಟು ಹಿಂದೆ ಸರಿದ.

ಮೊದಲ ಲೋಟ ಮೂಗಿನ ಹತ್ತಿರ ತಂದ ಕೂಡಲೇ ಗೊತ್ತಾಯಿತು, ತಲೆತುಂಡು. ಬಿಸಿಲು ಅಲ್ಲಿ ಇನ್ನೂ ಆರಿರಲಿಲ್ಲ. ಮಂದವಾದರೂ ಆ ಮನೆಯ ಹಳೆಯ ಗತ್ತು ಇತ್ತು. ನಿಲ್ಲಲಿ ಎಂದು ಬಿಟ್ಟಳು. ಎರಡನೆಯದನ್ನು ಬಾಯಲ್ಲಿ ತಿರುಗಿಸುತ್ತಿದ್ದ ಹಾಗೆ ಅವಳ ಮೈ ಜುಮ್ಮೆಂದಿತು. ತಂಪು, ಹಗುರ, ಮಳೆ ನಿಂತ ಮೇಲಿನ ಬೆಳಗಿನ ಹಾಗೆ. ಇದೇ, ಇದೇ ಬಾಣಲೆ ಎಂದು ಮನಸ್ಸು ಕುಣಿಯಿತು. ಕಣ್ಣಲ್ಲಿ ನೀರು ತುಂಬಿತು. ಗೋಡೆಯ ಮೋಡ ಮಸುಕಾಯಿತು. ಮೂರನೆಯದು ಶುರುವಿನಲ್ಲಿ ಎರಡನೆಯದಕ್ಕಿಂತಲೂ ಚೆನ್ನಾಗಿತ್ತು, ತುಂಬಿದ ಹಣ್ಣು, ಒಳ್ಳೆಯ ಆಳ. ಆದರೆ ಉಗುಳಿದ ಮೇಲೆ ನಾಲಗೆಯ ಹಿಂದೆ ಒಂದು ಒಗರು ಉಳಿಯಿತು, ಹಸಿ ತೊಟ್ಟು ಕಚ್ಚಿದ ಹಾಗೆ. ಇನ್ನೊಂದು ಗುಟುಕು ತೆಗೆದುಕೊಂಡಳು. ಒಗರು ಹೋಗಲಿಲ್ಲ, ಹೆಚ್ಚಾಯಿತು. ನಡುತುಂಡನ್ನು ಕೂಲಿಯವರು ಬೇಕಾಬಿಟ್ಟಿ ಕೊಯ್ದಿರಬೇಕು, ಪಾಪ, ಮೈದುನನಿಗೆ ಬೇಜಾರಾಗುತ್ತದೆ ಅಂದುಕೊಂಡಳು. ಆದರೂ ಇದು ಮನೆಯ ಬಾಟಲಿಗೆ ಹೋಗುವಂಥದ್ದಲ್ಲ. ಉಳಿದದ್ದನ್ನು ಬಕೆಟ್ಟಿಗೆ ಸುರಿದು ಲೋಟವನ್ನು ಬೋರಲು ಹಾಕಿದಳು.

ಲೋಟದ ತಳದಲ್ಲಿ ಸೀಮೆಸುಣ್ಣದ ಸೊನ್ನೆ ಇತ್ತು.

ಅವಳು ಅದನ್ನೇ ನೋಡಿದಳು. ಮೈದುನನ ಮುಂದೆ ಮೂರು ಲೋಟವೂ ನೆಟ್ಟಗೆ ನಿಂತಿದ್ದವು. ಓರಗಿತ್ತಿಯ ಮುಂದೆಯೂ ಅಷ್ಟೇ. ನೆಲಮಾಳಿಗೆಯಲ್ಲಿ ಎಲ್ಲೋ ನಲ್ಲಿ ತೊಟ್ಟಿಕ್ಕುವುದು ಕೇಳಿಸುತ್ತಿತ್ತು. ಮೈದುನನ ಕಣ್ಣು ಆ ಸೊನ್ನೆಯ ಮೇಲೆ ಬಿತ್ತು, ಅಲ್ಲಿಂದ ಅತ್ತಿಗೆಯ ಮುಖಕ್ಕೆ ಬಂತು. ಅವನಿಗೂ ವಯಸ್ಸಾಗಿದೆ, ಮೀಸೆ ನೆರೆತಿದೆ. ಆದರೂ ಆ ಹೊತ್ತಿಗೆ ಅವನ ಮುಖದಲ್ಲಿ ಅಪ್ಪನಿಂದ ಬೈಸಿಕೊಂಡು ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಿದ್ದ ಹುಡುಗನೇ ಕಂಡ.

"ಅತ್ತಿಗೆ," ಎಂದ ಮೆಲ್ಲಗೆ, "ಲೋಟ ಎತ್ತಿ ನೆಟ್ಟಗಿಡಿ. ಯಾರೂ ನೋಡಿಲ್ಲ."

"ನಾನಂತೂ ಗೋಡೆ ನೋಡ್ತಿದ್ದೆ ಅಕ್ಕ" ಎಂದಳು ಓರಗಿತ್ತಿ. ಮೆಣಸಿನಕಾಯಿಯ ದನಿಯಲ್ಲಿ ಖಾರವೇ ಇರಲಿಲ್ಲ.

ಮೇಸ್ತ್ರಿ ಹಿಂದಿನಿಂದ ಕೆಮ್ಮಿದ. "ನನ್ನ ಕಣ್ಣಿಗೆ ಪೊರೆ ಬಂದಿದೆ ಅಂತ ಡಾಕ್ಟರೇ ಹೇಳಿದ್ದಾರೆ."

ಅತ್ತಿಗೆಗೆ ನಗು ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡಳು. "ನೀವಿಬ್ಬರೂ ಯಾಕೆ ನಿಲ್ಲಿಸಿದ್ರಿ? ಒಗರು ಗೊತ್ತಾಗಲಿಲ್ವಾ?"

ಮೈದುನ ಮೀಸೆ ಸವರಿಕೊಂಡ. ಓರಗಿತ್ತಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಆ ಮನೆಯಲ್ಲಿ ಅವಳ ನಾಲಗೆಗಿಂತ ಚುರುಕಾದ ನಾಲಗೆ ಇಲ್ಲ. ಇಬ್ಬರಿಗೂ ಗೊತ್ತಾಗಿದೆ, ಯಾವ ಲೋಟವೆಂದೂ ಗೊತ್ತಾಗಿದೆ ಎಂಬುದು ಅತ್ತಿಗೆಗೆ ಆಗ ತಿಳಿಯಿತು.

"ಸ್ವಲ್ಪ ಒಗರು ಅಷ್ಟೇ ಅತ್ತಿಗೆ, ಬಾಟಲಿಯಲ್ಲಿ ಒಂದೆರಡು ವರ್ಷ ಕೂತ್ರೆ ಹೋಗುತ್ತೆ" ಎಂದ ಮೈದುನ. "ಅಣ್ಣ ಕಟ್ಟಿದ ಬಳ್ಳಿ. ಅಣ್ಣನಿಗೋಸ್ಕರ ಒಂದು ಸಲ. ಲೋಟ ಎತ್ತಿಡಿ, ಹೊಂಡದ ಮಾತು ನಾನು ಆಡೇ ಇಲ್ಲ ಅಂದ್ಕೊಳ್ಳಿ."

"ನಿಮ್ಮಣ್ಣ ಈ ಬೆಂಚಲ್ಲಿ ಕೂತು ಎಷ್ಟು ಸಲ ತನ್ನ ಲೋಟ ತಾನೇ ಬೋರಲು ಹಾಕಿದ್ರು, ನೆನಪಿದೆಯೇನೋ? ಒಂದು ಸಲ ಎತ್ತಿ ಇಟ್ರಾ?" ಅವಳು ಸೊನ್ನೆಯ ಮೇಲೆ ಬೆರಳಿಟ್ಟಳು. "ಬಳ್ಳೀದು ಏನೂ ತಪ್ಪಿಲ್ಲ. ಹಣ್ಣು ಚೆನ್ನಾಗೇ ಬಂದಿತ್ತು. ಮಂಜು ನೋಡಿ ಹೆದರಿ ನಾನೇ ಬೇಗ ಕೊಯ್ದೆ. ಈಗ ಅದನ್ನ ಕರುಣೆಗೆ ಒಳಗೆ ಸೇರಿಸಿದ್ರೆ, ಬಾಣಲೆಯಿಂದ ಇಷ್ಟೇ ಆಗೋದು ಅಂತ ಆಗುತ್ತೆ. ಅದು ನನಗೆ ಬೇಡ."

"ಹಾಗಾದ್ರೆ ಹೊಂಡ?"

ಅತ್ತಿಗೆ ಹಿಂದಕ್ಕೆ ತಿರುಗಿ ನೋಡಿದಳು. ಮೆಟ್ಟಿಲ ಬಾಗಿಲಿನಿಂದ ಹೊರಗಿನ ಬೆಳಕು ಒಂದು ಪಟ್ಟಿಯಾಗಿ ಪೀಪಾಯಿಗಳ ಮೇಲೆ ಬಿದ್ದಿತ್ತು.

"ಆಡಿದ ಮಾತು ಆಡಿದ್ದೇ. ತೋಡೋದಾದ್ರೆ ತೋಡು, ನಾನು ಅಡ್ಡ ಬರಲ್ಲ. ಬಳ್ಳಿ ಉಳಿಸ್ಕೋಬೇಕು ಅಂತ ಒಗರನ್ನ ಸಿಹಿ ಅಂತ ಹೇಳೋಕೆ ಮಾತ್ರ ನನ್ನ ಕೈಲಾಗಲ್ಲ."

ಮೈದುನ ಕೈ ಚಾಚಿ ಆ ಬೋರಲು ಲೋಟವನ್ನು ತಾನೇ ಎತ್ತಲು ಹೋದ. ಅತ್ತಿಗೆ ಅವನ ಕೈ ಮೇಲೆ ತನ್ನ ಕೈ ಇಟ್ಟು ತಡೆದಳು. ಬಿಗಿಯಾಗೇನೂ ಅಲ್ಲ, ಚಿಕ್ಕವನಿದ್ದಾಗ ಬಿಸಿ ಪಾತ್ರೆ ಮುಟ್ಟಲು ಹೋದರೆ ತಡೆಯುತ್ತಿದ್ದ ಹಾಗೆ.

"ಬೇಡಪ್ಪ" ಎಂದಳು. "ಮೇಸ್ತ್ರಿ, ವಿನೆಗರ್ ಸಾಹುಕಾರರಿಗೆ ಹೇಳಿ ಕಳಿಸಿ. ಗಾಡಿ ತರಲಿ."